ಎರಡು ಸಲ ಬೇಯಿಸಿದ್ದು

ಬಿಸ್ಕತ್ತು ಎಂಬುದು ಇಂಗ್ಲಿಷ್ ಶಬ್ದ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ಅದು ವಾಡಿಯ ಶಬ್ದವೆಂದೇ ತಿಳಿದಿದ್ದೆ. ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಮಾಲುಗಾಡಿಯ ಗುಮಾಸ್ತ. ರೈಲ್ವೆಯವರು ಕೊಟ್ಟ ಎರಡು ಕೋಣೆಯ ಮನೆ ನಮ್ಮದು. ಒಂದು ಕಡೆ ಹೈದರಾಬಾದಿನ ಗಾಡಿಯ ಶಿಳ್ಳೆ, ಇನ್ನೊಂದು ಕಡೆ ಮುಂಬಯಿ-ಮದ್ರಾಸಿನ ಗಾಡಿಯ ಶಿಳ್ಳೆ, ನಡುವೆ ನಾವು. ಪಕ್ಕದ ಮನೆಯಲ್ಲಿ ಎಂಜಿನ್ ಓಡಿಸುವ ಆಂಗ್ಲೋ-ಇಂಡಿಯನ್ ಸಾಹೇಬನ ಸಂಸಾರವಿತ್ತು. ಆತನ ಹೆಂಡತಿ ಸಂಜೆ ಚಹಾದ ಹೊತ್ತಿಗೆ ಗೋಡೆಯ ಮೇಲಿಂದ ಕೈ ಚಾಚಿ ನನಗೊಂದು ಬಿಸ್ಕತ್ತು ಕೊಡುತ್ತಿದ್ದಳು. ನನ್ನವ್ವ ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. "ತಿಂದ ಮ್ಯಾಲ ಬಾಯಿ ಮುಕ್ಕಳಿಸು, ಅಜ್ಜಿ ಮುಂದ ಹೇಳಬ್ಯಾಡ" ಎನ್ನುವಲ್ಲಿಗೆ ಆಕೆಯ ಧರ್ಮಶಾಸ್ತ್ರ ಮುಗಿಯುತ್ತಿತ್ತು.

ನನ್ನನ್ನು ಕೊಟ್ಟದ್ದು ಚಿತ್ತಾಪುರಕ್ಕೆ. ವಾಡಿಯಲ್ಲಿ ಗಾಡಿ ಹತ್ತಿ ಸರಿಯಾಗಿ ಕುಂತುಕೊಳ್ಳುವಷ್ಟರಲ್ಲಿ ಇಳಿಯಬೇಕಾದ ಊರು. ಎರಡೂ ಮನೆಯವರು ಲಿಂಗವಂತರೇ. ಆದರೆ ನಮ್ಮ ಮನೆಯ ಆಚಾರವನ್ನು ರೈಲು ಸ್ವಲ್ಪ ಸಡಿಲ ಮಾಡಿತ್ತು, ಅತ್ತೆಯ ಮನೆಯ ಆಚಾರದ ಒಂದು ಗಂಟನ್ನೂ ಯಾರೂ ಬಿಚ್ಚಿರಲಿಲ್ಲ. ಅತ್ತೆ ಹೊರಗೆ ನೀರು ಕೂಡ ಕುಡಿಯುವವರಲ್ಲ. ಸೇಡಂನ ತಂಗಿಯ ಮನೆಗೆ ಹೊರಟರೂ ಒಂದು ತಂಬಿಗೆ ನೀರು, ಒಂದು ಗಂಟು ಬುತ್ತಿ ಜೊತೆಗೇ ಹೊರಡುತ್ತಿತ್ತು. ಬಾಯಿಗೆ ಹಾಕುವ ಪ್ರತಿಯೊಂದನ್ನೂ ಮೊದಲು ಕೈಯಲ್ಲಿನ ಲಿಂಗಕ್ಕೆ ಅರ್ಪಿಸಬೇಕು, ಆಮೇಲೆ ಅದು ಪ್ರಸಾದ, ಆಮೇಲೆ ಊಟ. ಯಾರು ಮಾಡಿದ್ದು, ಯಾವ ನೀರು ಹಾಕಿದ್ದು ಎಂದು ಗೊತ್ತಿಲ್ಲದ್ದನ್ನು ಅರ್ಪಿಸುವುದು ಹೇಗೆ? "ಲಿಂಗಕ್ಕ ತೋರ್ಸಲಿಕ್ಕ ಬರದ್ದು ಬಾಯಿಗ್ಯಾಕ ಬೇಕು?" ಎಂದು ಅತ್ತೆ ಕೇಳುತ್ತಿದ್ದರು.

ಮನೆಯಲ್ಲಿ ನಾವು ನಾಲ್ಕೇ ಜನ. ಮಾವ ತಹಸೀಲು ಕಚೇರಿಯಲ್ಲಿ ಮುನ್ಷಿಯಾಗಿದ್ದು ನಿವೃತ್ತರಾದವರು. ಫಾರಸಿ, ಉರ್ದು ಅರೆದು ಕುಡಿದವರು. ಜಗತ್ತಿನ ಯಾವ ಶಬ್ದ ಕೊಟ್ಟರೂ ಅದರ ಬೇರನ್ನು ಫಾರಸಿಯಲ್ಲೋ ಉರ್ದುವಿನಲ್ಲೋ ತೋರಿಸಿಕೊಡುತ್ತಿದ್ದರು. ನನ್ನ ಗಂಡ ಸರಕಾರಿ ಶಾಲೆಯಲ್ಲಿ ಮಾಸ್ತರ. ಉರ್ದುವಿನಲ್ಲಿ ಲೆಕ್ಕ, ಭೂಗೋಳ ಹೇಳಿಕೊಟ್ಟು ದಿನಕ್ಕೊಂದು ತಾಸು ಇಂಗ್ಲಿಷ್ ಕಲಿಸುತ್ತಿದ್ದರು. ತಂದೆಯ ಮಾತನ್ನು ತಳ್ಳಿಹಾಕುವ ಧೈರ್ಯವಿಲ್ಲದೆ, ಒಪ್ಪಿಕೊಳ್ಳುವ ಮನಸ್ಸೂ ಇಲ್ಲದೆ, ಮೀಸೆಯ ತುದಿ ಕಡಿಯುತ್ತ ಕೂರುವುದು ಅವರ ಅಭ್ಯಾಸ.

ನಾನು ಎರಡನೆಯ ಸಲ ಬಸುರಿಯಾದ ವರ್ಷದ ಮಾತಿದು. ಮೊದಲನೆಯದು ಮೂರು ತಿಂಗಳಿಗೇ ಹೋಗಿತ್ತು. ಯಾರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ, ಹಾಗಾಗಿ ಮನೆಯ ತುಂಬ ಅದೇ ಇತ್ತು. ಈ ಸಲ ಹೋಳಿಹುಣ್ಣಿಮೆಯ ಹೊತ್ತಿಗೆ ವಾಂತಿ ಶುರುವಾಯಿತು. ಜೋಳದ ಹಿಟ್ಟಿನ ವಾಸನೆ ಬಂದರೆ ಸಾಕು, ಹಿತ್ತಲಿಗೆ ಓಡಬೇಕು. ಬೇಳೆ ಕುದಿಯುವ ವಾಸನೆಗೆ ಓಡಬೇಕು. ಅನ್ನದ ಗಂಜಿ, ಮಜ್ಜಿಗೆ, ದಾಳಿಂಬೆ, ಏನು ಹೊಟ್ಟೆಗಿಳಿದರೂ ಅರ್ಧ ತಾಸಿಗೆ ವಾಪಸು. ಬಳೆಗಳು ಮೊಣಕೈಯವರೆಗೆ ಜಾರಲು ಶುರುವಾದವು.

ಅತ್ತೆ ಸೂಲಗಿತ್ತಿಯನ್ನು ಕರೆಸಿದರು. ಆಕೆ ದಂಡೋತಿಯ ಹೊಳೆದಂಡೆಯಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದವಳು. ಎದುರು ನಿಂತು ಮಾತಾಡಿದರೂ ಹೊಳೆಯ ಆಚೆ ದಂಡೆಯವರನ್ನು ಕರೆದ ಹಾಗಿರುತ್ತಿತ್ತು. ನನ್ನ ರೆಪ್ಪೆ ಎಳೆದು ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು, ಅತ್ತೆಯ ಕಡೆ ತಿರುಗಿ, "ನೋಡ್ರಿ ಅವ್ವಾರ, ಈಕಿ ಹೊಟ್ಯಾಗ ಏನರ ನಿಂತ್ರ ಕೂಸು ನಿಂದ್ರತದ. ಈಕಿ ಹೊಟ್ಯಾಗೇ ಏನೂ ನಿಲ್ಲದಿದ್ರ ಅದು ಯಾತರ ಮ್ಯಾಲ ನಿಂದ್ರಬೇಕು? ಏನ್ ತಿಂದ್ರ ನಿಂದ್ರತದ ಹುಡುಕ್ರಿ, ಅದನ್ನ ಕೊಡ್ರಿ" ಎಂದಳು.

ನಿಲ್ಲುವಂಥದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಆಗಲೇ ನನ್ನ ಟ್ರಂಕಿನಲ್ಲಿತ್ತು. ಹೋಳಿಹಬ್ಬಕ್ಕೆ ಅಪ್ಪ ನೋಡಲು ಬಂದಾಗ ನನ್ನವ್ವ ಒಂದು ತಗಡಿನ ಡಬ್ಬಿ ಕಳಿಸಿದ್ದಳು. ಮೇಲೆ ಎರಡು ರವಿಕೆ ಬಟ್ಟೆ, ಕೆಳಗೆ ಬಿಸ್ಕತ್ತು. ಬೆಳಿಗ್ಗೆ ಏಳುವ ಮುನ್ನ, ಇನ್ನೂ ಹಾಸಿಗೆಯಲ್ಲಿರುವಾಗಲೇ, ಎರಡು ಬಿಸ್ಕತ್ತನ್ನು ಸದ್ದಾಗದ ಹಾಗೆ ಬಾಯಲ್ಲಿ ನೆನೆಸಿ ನುಂಗುತ್ತಿದ್ದೆ. ಅವು ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿದ್ದವು. ಅದರ ಬಲದ ಮೇಲೆ ಮಧ್ಯಾಹ್ನ ಒಂದಿಷ್ಟು ಗಂಜಿಯೂ ಹಿಡಿಯುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ. ಆ ಮನುಷ್ಯನಿಗೆ ಸುಳ್ಳು ಹೇಳಿದರೆ ಕಿವಿ ಕೆಂಪಗಾಗುತ್ತದೆ.

ನನ್ನ ಗುಟ್ಟನ್ನು ರಟ್ಟು ಮಾಡಿದವು ಇರುವೆಗಳು. ಚೈತ್ರದ ಒಂದು ಬೆಳಿಗ್ಗೆ ಅತ್ತೆ ಕಸ ಗುಡಿಸುತ್ತ ಬಂದವರು ನೆಲದ ಶಹಾಬಾದಿ ಫರಸಿಕಲ್ಲುಗಳ ಸಂದಿನಲ್ಲಿ ಸಾಲಾಗಿ ಹೊರಟ ಇರುವೆಗಳನ್ನು ಕಂಡರು. ಸಾಲಿನ ಹಿಂದೆಯೇ ನಡೆದರು, ಟ್ರಂಕಿನ ಮುಂದೆ ನಿಂತರು, ನನ್ನ ಮುಖ ನೋಡಿದರು. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಬಯ್ಯಲಿಲ್ಲ. ಅಡಿಗೆಮನೆಯಿಂದ ಇಕ್ಕಳ ತಂದು, ಡಬ್ಬಿಯನ್ನು ಇಕ್ಕಳದಲ್ಲೇ ಹಿಡಿದು, ಉರಿಯುವ ಪಾತ್ರೆಯನ್ನು ಇಳಿಸುವಂತೆ ಮೈಯಿಂದ ದೂರ ಹಿಡಿದು ಹೊರಗೊಯ್ದರು. ಆಕಳಿಗೂ ಹಾಕಲಿಲ್ಲ. ಬೀದಿಯ ನಾಯಿ ತಿಂದಿತು. ಕಿಟಕಿಯಲ್ಲಿ ನಿಂತು ನೋಡಿದೆ. ಆ ನಾಯಿಗೆ ಒಂದೂ ವಾಂತಿಯಾಗಲಿಲ್ಲ.

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ತಡ. ಆ ದಿನದ ಸಿಟ್ಟನ್ನು ಇವತ್ತಿಗೂ ನೆನೆಸಿಕೊಳ್ಳಬಲ್ಲೆ. ನನ್ನ ಕೂಸಿನ ಬಾಯಿಂದ ಕಿತ್ತುಕೊಂಡು ನಾಯಿಗೆ ಹಾಕಿದರು ಎಂದೇ ಅನ್ನಿಸಿತ್ತು. ಮಾತು ಬಿಟ್ಟೆ. ಅದರಿಂದ ಅತ್ತೆಗೆ ನಷ್ಟವಾದಂತೆ ಕಾಣಲಿಲ್ಲ.

ಮರುದಿನದಿಂದ ಗಂಜಿಯೂ ನಿಲ್ಲಲಿಲ್ಲ. ನಾಲ್ಕು ದಿನಕ್ಕೆ ನಾನು ಗೋಡೆ ಹಿಡಿದು ನಡೆಯುವ ಹಾಗಾಯಿತು. ಸೂಲಗಿತ್ತಿ ಮತ್ತೆ ಬಂದಳು. ಈ ಸಲ ಗಂಡಸರ ಎದುರಿಗೇ, ಪಡಸಾಲೆಯಲ್ಲಿ ನಿಂತು, "ಹಿಂದಿನ ಸಲದಂಗ ಆಗ್ಲಿಕತ್ತದ ನೋಡ್ರಿ" ಎಂದುಬಿಟ್ಟಳು. ಗಂಡ ಎದ್ದು ನಿಂತರು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುಂತರು.

"ಆ ಡಬ್ಬ್ಯಾಗಿಂದು ನಿಂದ್ರತಿತ್ತು" ಎಂದೆ ನಾನು. ಐದು ದಿನಕ್ಕೆ ಅದೇ ನನ್ನ ಮೊದಲ ಮಾತು.

ಅತ್ತೆ ಕಂಬಕ್ಕೊರಗಿ ಕುಂತಿದ್ದರು. "ಅದು ಯಾರು ಮಾಡಿದ್ದೋ, ಯಾತರಾಗ ಮಾಡಿದ್ದೋ. ಅದು ಏನಂಬೋದೇ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಬಸಿರು ಹೆಂಗಸಿಗೆ ಹ್ಯಾಂಗ ತಿನ್ನಸಲಿ?" ಎಂದರು. ದನಿಯಲ್ಲಿ ಹಟಕ್ಕಿಂತ ಹೆದರಿಕೆ ಜಾಸ್ತಿ ಇತ್ತು. ಆಗ ನನಗದು ತಿಳಿಯಲಿಲ್ಲ.

ಮಾವನಿಗೆ ಇದು ತಮ್ಮ ಇಲಾಖೆಗೆ ಸೇರಿದ ವಿಷಯ ಎನ್ನಿಸಿತು. ಗಂಟಲು ಸರಿಮಾಡಿಕೊಂಡರು. "ಅದು ಏನಂಬೋದು ಅದರ ಹೆಸರಿನ್ಯಾಗೇ ಇರ್ತದ. ಬಿಸ್ಕೂಟ್. ಬೀಸ್ ಅಂದ್ರ ಇಪ್ಪತ್ತು. ಕೂಟ್ ಅಂದ್ರ ಕುಟ್ಟೋದು. ಇಪ್ಪತ್ತು ಸಲ ಕುಟ್ಟಿದ ಹಿಟ್ಟಿನ ತಿನಸು. ಇದು ನಮ್ಮ ಕಡೀದೇ. ಫರಂಗಿ ಮಂದಿ ಎತ್ತಿಗೊಂಡು ಹೋಗ್ಯಾರ, ಅಷ್ಟ."

ಗಂಡ ಮೀಸೆ ಕಡಿದರು. ಆಮೇಲೆ ಮೆಲ್ಲಗೆ ಎದ್ದು ಒಳಗೆ ಹೋಗಿ ತಮ್ಮ ಡಿಕ್ಷನರಿ ಹೊತ್ತು ತಂದರು. ವಾಡಿ ಬಿಟ್ಟು ಹೋಗುವಾಗ ಆ ಎಂಜಿನ್ ಸಾಹೇಬ ನನ್ನಪ್ಪನಿಗೆ ಕೊಟ್ಟು ಹೋದ ಪುಸ್ತಕ ಅದು. ಮದುವೆಯಲ್ಲಿ ಅಳಿಯನಿಗೆ ಬಂದಿತ್ತು. ರಟ್ಟು ಕಿತ್ತುಹೋಗಿತ್ತು, ಮೊದಲ ಅಕ್ಷರದ ಅರ್ಧ ಶಬ್ದಗಳು ಗೆದ್ದಲಿನ ಪಾಲಾಗಿದ್ದವು. ಪುಣ್ಯಕ್ಕೆ ಬಿಸ್ಕತ್ತು ಎರಡನೆಯ ಅಕ್ಷರದಲ್ಲಿತ್ತು. ಗೆದ್ದಲು ಅಲ್ಲಿಗೆ ಮುಟ್ಟಿರಲಿಲ್ಲ.

"ಲ್ಯಾಟಿನ್ ಅಂತ ಒಂದು ಹಳೀ ಭಾಷಾ," ಎಂದು ಬೆರಳಿಟ್ಟು ಓದಿದರು. "ಅದರಿಂದ ಫ್ರೆಂಚಿಗೆ ಬಂದದ, ಅಲ್ಲಿಂದ ಇಂಗ್ಲಿಷಿಗೆ. ಮೊದಲಿನ 'ಬಿಸ್' ಅಂದ್ರ ಎರಡು ಸಲ. ಹಿಂದಿಂದು ಬೇಯಿಸಿದ್ದು ಅಂತ. ಎರಡು ಸಲ ಬೇಯಿಸಿದ್ದು."

"ನಾ ಹೇಳ್ಲಿಲ್ಲೇನು, 'ಬಿಸ್' ಅಂದ್ರ ಲೆಕ್ಕ ಅಂತ?" ಎಂದರು ಮಾವ. "ನಾ ಇಪ್ಪತ್ತಂದೆ, ಅದು ಎರಡು ಅಂತದ. ಒಂದು ಸೊನ್ನಿ ಫರಕು."

ಪುಸ್ತಕ ಅಲ್ಲಿಗೇ ನಿಲ್ಲಿಸಿರಲಿಲ್ಲ. ಬಣ್ಣ ಹಚ್ಚದೆ ಒಂದೇ ಸಲ ಸುಟ್ಟ ಮಣ್ಣಿನ ಕುಡಿಕೆಗೂ ಆ ಕಡೆ ಬಿಸ್ಕತ್ತು ಎನ್ನುತ್ತಾರಂತೆ, ತಿಳಿ ಕಂದು ಬಣ್ಣಕ್ಕೂ ಎನ್ನುತ್ತಾರಂತೆ. ಎರಡು ಸಲ ಬೇಯಿಸಿದ್ದಕ್ಕೆ ಇಟ್ಟ ಹೆಸರನ್ನು ಒಂದೇ ಸಲ ಸುಟ್ಟದ್ದಕ್ಕೂ ಇಡುವುದು ಎಂಥ ಕಾರಭಾರ ಎಂದು ಮಾವ ಸಿಡಿಮಿಡಿಗೊಂಡರು. ಗಂಡ ಮುಂದಕ್ಕೆ ಓದಿದರು. ಹಿಂದಿನ ಕಾಲದಲ್ಲಿ ಹಡಗಿನ ಮಂದಿ ತಿಂಗಳುಗಟ್ಟಲೆ ಸಮುದ್ರದ ಮೇಲೆ ಹೋಗುವಾಗ ಇದನ್ನೇ ಒಯ್ಯುತ್ತಿದ್ದರು. ಎರಡು ಸಲ ಬೇಯಿಸಿ ತೇವ ತೆಗೆದರೆ ಕೆಡುವುದಿಲ್ಲ ಎಂದು.

ಅತ್ತೆ ತಲೆಯೆತ್ತಿದರು. "ಅಂದ್ರ ಬುತ್ತಿ."

"ಹೌದವ್ವ, ಬುತ್ತಿ ಇದ್ದಂಗ."

"ಹಂಚಿನ ಮ್ಯಾಲ ಒಮ್ಮೆ ಬೇಯಸೋದು. ತೇವ ಹೋಗಲಿಕ್ಕ ಒಲಿ ಮುಂದ ಇನ್ನೊಮ್ಮೆ. ತಿಂಗಳಗಟ್ಟಲೆ ಕೆಡಂಗಿಲ್ಲ. ಊರಿಗೆ ಹೋಗೋವಾಗ ಕಟಗೊಂಡು ಹೋಗೋದು." ಅತ್ತೆ ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದರು. "ಅದು ಖಡಕ್ ರೊಟ್ಟಿ ಅಲ್ಲೇನಪ?"

ಡಿಕ್ಷನರಿಯನ್ನು ಎತ್ತ ತಿರುಗಿಸಿ ನೋಡಿದರೂ ಅತ್ತೆಯ ಮಾತು ಸರಿಯೇ ಇತ್ತು. ಲ್ಯಾಟಿನ್ ಮಂದಿ ಹೆಸರಿಟ್ಟ ಪದಾರ್ಥ ನಮ್ಮ ಅಡಿಗೆಮನೆಯ ಮೂಲೆಯಲ್ಲಿ, ಬಿದಿರಿನ ಬುಟ್ಟಿಯಲ್ಲಿ, ಬಿಳಿ ಅರಿವೆ ಮುಚ್ಚಿಕೊಂಡು ವರ್ಷವಿಡೀ ಕೂತಿತ್ತು.

"ಇಷ್ಟಕ್ಕ ನನ್ನ ಸೊಸಿ ಇರುವಿ ಸಾಕಿದಳು" ಎಂದು ಅತ್ತೆ ಸೆರಗು ಸಿಗಿಸಿ ಎದ್ದರು. ಜೋಳದ ವಾಸನೆ ನನಗಾಗದು ಎಂದು ಗೊತ್ತಿತ್ತು, ಹಾಗಾಗಿ ಗೋಧಿಹಿಟ್ಟು ತೆಗೆದರು. ಬೆಲ್ಲದ ನೀರು, ತುಪ್ಪ, ಒಂದು ಚಿಟಿಕೆ ಸೋಂಪು. ದಪ್ಪಗೆ ಲಟ್ಟಿಸಿ, ಹಿತ್ತಾಳೆಯ ಲೋಟ ಬೋರಲು ಹಾಕಿ ಒತ್ತಿ ಕತ್ತರಿಸಿದರು. ಆಮೇಲೆ ದಬ್ಬಣ ತಂದು ಒಂದೊಂದರ ಮೇಲೂ ಸಾಲಾಗಿ ತೂತು ಹಾಕತೊಡಗಿದರು. ಆಗ ಗೊತ್ತಾಯಿತು ನನಗೆ, ನಾಯಿಗೆ ಹಾಕುವ ಮುನ್ನ ಡಬ್ಬಿಯೊಳಗಿನದನ್ನು ಅತ್ತೆ ಚೆನ್ನಾಗಿ ನೋಡಿಕೊಂಡಿದ್ದರು. ಹಂಚಿನ ಮೇಲೆ ಒಮ್ಮೆ ಬೇಯಿಸಿ, ಆಮೇಲೆ ಕೆಂಡದ ಮುಂದೆ ಒಂದೊಂದಾಗಿ ನಿಲ್ಲಿಸಿ ಒಣಗಿಸಿದರು. ಚೈತ್ರದ ಬಿಸಿಲು ಹೊರಗೆ, ಒಲೆ ಒಳಗೆ. ಅತ್ತೆಯ ರವಿಕೆ ಬೆನ್ನಿಗೆ ಅಂಟಿತ್ತು.

ಮೊದಲ ದಿನದ್ದು ಗಟ್ಟಿಯೆಂದರೆ ಗಟ್ಟಿ. ಮಾವ ಒಂದನ್ನು ಬಾಯಿಗೆ ಹಾಕಿಕೊಂಡು, ಹೊರಗೆ ತೆಗೆದು ನೋಡಿ, "ಇದನ್ನ ಶಹಾಬಾದದ ಖಣಿಯಿಂದ ತರಿಸ್ದ್ಯೇನು?" ಎಂದರು. ಅತ್ತೆ ಅವರಿಗೆ ಆ ದಿನ ಎರಡನೆಯದು ಕೊಡಲಿಲ್ಲ. ನಾನು ನೀರಲ್ಲಿ ನೆನೆಸಿ ತಿಂದೆ. ಅರ್ಧ ತಾಸಿಗೆ ಹಿತ್ತಲು.

"ತುಪ್ಪ ಜಾಸ್ತಿ ಆತು" ಎಂದರು ಅತ್ತೆ. ಮರುದಿನ ತುಪ್ಪ ಕಡಿಮೆ ಮಾಡಿದರು. ನಿಲ್ಲಲಿಲ್ಲ. ಸೋಂಪು ಬಿಟ್ಟರು, ನಿಲ್ಲಲಿಲ್ಲ. ಬೆಲ್ಲ ಬಿಟ್ಟು ಉಪ್ಪು ಹಾಕಿದರು, ನಿಲ್ಲಲಿಲ್ಲ. ದಿನವೂ ಬೆಳಿಗ್ಗೆ ನಾನು ತಿನ್ನುವಾಗ ಎದುರಿಗೆ ಕುಂತು ನನ್ನ ಗಂಟಲನ್ನೇ ನೋಡುತ್ತಿದ್ದರು. "ನಿಂತದೇನು?" ಎಂದು ಕೇಳುತ್ತಿದ್ದರು. ಸಿಟ್ಟು ಮಾಡಿಕೊಂಡಿದ್ದ ನನಗೇ ಆ ಮುಖ ನೋಡುವುದು ಕಷ್ಟವಾಯಿತು. ಆರನೆಯ ದಿನ ಸುಳ್ಳು ಹೇಳಿದೆ. "ನಿಂತದ್ರೀ ಅತ್ತಿ" ಎಂದೆ. ಅವರ ಮುಖ ಅರಳಿದ ರೀತಿ ನೋಡಿ ನಾಚಿಕೆಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ದನದ ಕೊಟ್ಟಿಗೆಯ ಹಿಂದೆ ಹೋಗಿ ಎಲ್ಲ ಕಕ್ಕಿ, ಮೇಲೆ ಮಣ್ಣೆಳೆದು ಬಂದೆ.

ಮಧ್ಯಾಹ್ನ ಸಗಣಿ ಎತ್ತಲು ಹೋದ ಅತ್ತೆ ಆ ಮಣ್ಣನ್ನು ಕಂಡರು. ಒಳಗೆ ಬಂದು ಕೈ ತೊಳೆದುಕೊಂಡರು. ಉಳಿದ ಹಿಟ್ಟನ್ನು ಮುಚ್ಚಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಹೊರಟುಹೋದರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಸುಳ್ಳಿಗೆ ಸಿಟ್ಟಾಗಿ ಸೇಡಂನ ತಂಗಿಯ ಮನೆಗೆ ಹೊರಟರೆಂದೇ ಎಣಿಸಿದೆ.

ಹೋದದ್ದು ಚಿತ್ತಾಪುರದ ಸ್ಟೇಷನ್ನಿಗೆ. ಅದೂ ಮಟಮಟ ಮಧ್ಯಾಹ್ನದಲ್ಲಿ, ಕಾಲ್ನಡಿಗೆಯಲ್ಲಿ, ಸೂಲಗಿತ್ತಿಯನ್ನು ಜೊತೆಗೆ ಕರೆದುಕೊಂಡು. ಅಲ್ಲಿ ನಡೆದದ್ದನ್ನು ಸೂಲಗಿತ್ತಿ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದ ಹಾಗಾಗಿದೆ. ಅಲ್ಲಿ ಬೆತ್ತದ ಬುಟ್ಟಿಯಿಟ್ಟುಕೊಂಡು ಚಹಾ ತಿನಿಸು ಮಾರುವ ಒಬ್ಬ ಮುದುಕ ಸಾಬರಿದ್ದರು. ಅತ್ತೆ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ಆ ಶಬ್ದ ಅತ್ತೆಯ ಬಾಯಿಂದ ಹೊರಡಲೊಲ್ಲದು. ಅದನ್ನು ಆಡಿದರೇ ಅರ್ಧ ತಿಂದ ಹಾಗೆ ಎಂಬ ಭಾವನೆ. ಕೊನೆಗೆ, "ಎರಡು ಸಲ ಬೇಯಿಸಿದ್ದು ಅದ ಏನಪ?" ಎಂದು ಕೇಳಿದರು.

ಸಾಬರು ಯೋಚಿಸಿದರು. ತಮ್ಮ ವ್ಯಾಪಾರ ಬಲ್ಲವರು. "ಅದರೀ ಅಮ್ಮಾ" ಎಂದು ಬುಟ್ಟಿಯಿಂದ ಟೋಸ್ಟು ತೆಗೆದುಕೊಟ್ಟರು. ಡಬಲ್‌ರೊಟ್ಟಿ ಬೇಯಿಸಿ, ಕೊಯ್ದು, ಮತ್ತೊಮ್ಮೆ ಬೇಯಿಸಿ ಗರಿಗರಿ ಮಾಡುವ ಒಣ ಟೋಸ್ಟು. ಡಿಕ್ಷನರಿಯ ಪ್ರಕಾರ ನೋಡಿದರೆ ಸಾಬರು ಕೊಟ್ಟದ್ದೇ ಅಪ್ಪಟ ಬಿಸ್ಕತ್ತು. ನಾವು ಬಿಸ್ಕತ್ತು ಎನ್ನುವುದನ್ನು ಈಗೆಲ್ಲ ಒಂದೇ ಸಲ ಬೇಯಿಸುತ್ತಾರೆ ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಹೆಸರು ಮಾತ್ರ ಹಳೆಯದು ಉಳಿದುಕೊಂಡಿದೆ. ಅತ್ತೆ ಟೋಸ್ಟನ್ನು ದೂರದಿಂದಲೇ ನೋಡಿ ತಲೆಯಾಡಿಸಿದರು. "ಇದಲ್ಲ. ತೂತು ಇರೋದು ಬೇಕು."

"ಆಹಾ, ಬಿಸ್ಕೂಟ್!" ಎಂದು ನಗುತ್ತ ಸಾಬರು ಬುಟ್ಟಿಯಿಂದ ಮೂರು ಥರದ್ದನ್ನು ಹೊರತೆಗೆದರು.

"ಅದೇ" ಎಂದರು ಅತ್ತೆ, ಆಗಲೂ ಹೆಸರೆತ್ತದೆ. "ಇದರಾಗ ತತ್ತಿ ಹಾಕ್ಯಾರೇನು? ಖರೆ ಹೇಳು. ನನ್ನ ಸೊಸಿ ಬಸಿರದಾಳ."

ಸಾಬರ ನಗು ನಿಂತಿತು. ಎರಡು ಥರದ್ದನ್ನು ಬುಟ್ಟಿಗೆ ಮರಳಿ ಹಾಕಿ, ಒಂದು ಥರದ್ದನ್ನು ಕಾಗದದಲ್ಲಿ ಕಟ್ಟಿದರು. "ಇದರಾಗ ಅಂಡಾ ಇಲ್ಲರೀ ಅಮ್ಮಾ, ಖುದಾ ಕಸಂ. ನಮ್ಮ ಮನಿಯಾಕಿಗೂ ಮೂರು ತಿಂಗಳ ತನಕ ಇದೇ ಕೊಟ್ಟೀನಿ" ಎಂದರಂತೆ. ಅತ್ತೆ ಅಷ್ಟು ದೂರ ನಿಂತಿದ್ದವರು ಮುಂದೆ ಹೋಗಿ, ಪೊಟ್ಟಣವನ್ನು ಕೈಯೊಡ್ಡಿ ಇಸಿದುಕೊಂಡರು. ಇಕ್ಕಳವನ್ನೇನೂ ಒಯ್ದಿರಲಿಲ್ಲ.

ಮನೆಗೆ ಬಂದು ನೇರ ಬಚ್ಚಲಿಗೆ ಹೋಗಿ ಮೈಮೇಲೆ ನೀರು ಹಾಕಿಕೊಂಡರು. ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಂತರು. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಎಂಟೋ ಹತ್ತೋ ಬಿಸ್ಕತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಲವತ್ತು ವರ್ಷ ಹೊರಗಿನ ಒಂದು ಹನಿ ನೀರು ಮುಟ್ಟದ ಆ ಹೆಂಗಸು ಒಂದು ಬಿಸ್ಕತ್ತು ಎತ್ತಿ ಲಿಂಗದ ಮುಂದೆ ಹಿಡಿದು ಕಣ್ಣು ಮುಚ್ಚಿದರು. ತುಟಿಗಳು ಅಲ್ಲಾಡುತ್ತಿದ್ದವು. ಏನು ಹೇಳಿಕೊಂಡರೋ, ಯಾರ ಕ್ಷಮೆ ಕೇಳಿದರೋ. ಅರ್ಪಿಸಿದವರು ಸ್ವೀಕರಿಸಲೇಬೇಕು, ಅದು ನಿಯಮ. ಬಾಯಿಗಿಟ್ಟುಕೊಂಡರು. ಕಷಾಯ ಕುಡಿದವರ ಮುಖ ಮಾಡಿ, ಅಗಿದು, ನುಂಗಿದರು.

"ಬಾ" ಎಂದು ಕರೆದರು. "ಈಗ ಇದು ಪ್ರಸಾದ. ಯಾರು ಮಾಡಿದ್ದು ಅಂತ ಪ್ರಸಾದಕ್ಕ ಕೇಳಂಗಿಲ್ಲ. ತಿನ್ನು."

ತಿಂದೆ. ಇಬ್ಬರೂ ಗೋಡೆಗೊರಗಿ ಪಕ್ಕಪಕ್ಕ ಕುಂತೆವು. ಅರ್ಧ ತಾಸು ಕಾಯಬೇಕಿತ್ತು. ಅತ್ತೆಯ ಕೈ ನನ್ನ ಬೆನ್ನಿನ ಮೇಲಿತ್ತು. ನೀವುತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದರು. ಇಕ್ಕಳದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ನಾನೂ ಹಿಂಗೇ ಇದ್ದೆ" ಎಂದರು ಅತ್ತೆ, ಎದುರಿನ ಗೋಡೆಗೆ ಹೇಳುವವರಂತೆ. "ನಿನ ಗಂಡ ಹುಟ್ಟೋ ಮೊದ್ಲು ಎರಡು ಹೋದ್ವು. ಏನ್ ತಿಂದ್ರ ನಿಂದ್ರತದ ಅಂತ ನನಗ ಯಾರೂ ಕೇಳ್ಲಿಲ್ಲ."

ನನ್ನ ಗಂಡನಿಗಿಂತ ಮುಂಚೆ ಈ ಮನೆಯಲ್ಲಿ ಯಾರಾದರೂ ಇದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಅಳು ಬಂದುಬಿಟ್ಟಿತು. ಮೂಗು ಒರೆಸಿಕೊಂಡು, ತೋಚಿದ್ದನ್ನು ಕೇಳಿದೆ. "ಏನ್ ತಿನಬೇಕನಸ್ತಿತ್ರೀ ಅತ್ತಿ, ಆವಾಗ ನಿಮಗ?"

ಅತ್ತೆ ತಿರುಗಿ ನನ್ನನ್ನು ನೋಡಿದರು. ಯೋಚಿಸಬೇಕಾಗಿರಲಿಲ್ಲ ಅವರಿಗೆ, ಉತ್ತರ ಬಾಯಲ್ಲೇ ಇತ್ತು. "ಹಸಿ ತೊಗರಿಕಾಯಿ. ಉಪ್ಪು ಹಾಕಿ ಕುದಿಸಿದ್ದು. ವಾಯು ಆಗ್ತದ ಅಂತ ನಮ್ಮತ್ತಿ ಮುಟ್ಟಗೊಡಲಿಲ್ಲ. ಹೊಲದ ತುಂಬ ಇತ್ತು ನೋಡು, ಆ ವರ್ಷ."

ಅಂದು ತಿಂದದ್ದು ನಿಂತಿತು. ಮರುದಿನದ್ದೂ ನಿಂತಿತು. ಅತ್ತೆ ಒಂದು ಇಡೀ ದಿನ ಉಪವಾಸವಿದ್ದು ತಮ್ಮ ಲೆಕ್ಕದ ಶುದ್ಧಿ ಮಾಡಿಕೊಂಡರು, ಆದರೆ ಪೊಟ್ಟಣ ಮುಗಿದಾಗ ಮತ್ತೆ ಸ್ಟೇಷನ್ನಿಗೆ ನಡೆದರು. ನಾಲ್ಕನೆಯ ತಿಂಗಳು ದಾಟುವ ಹೊತ್ತಿಗೆ ನನಗೆ ಜೋಳದ ರೊಟ್ಟಿಯೂ ಸೇರತೊಡಗಿತು. ಮಾವ ಮಾತ್ರ ಇಪ್ಪತ್ತು ಸಲ ಕುಟ್ಟುವ ತಮ್ಮ ವಾದವನ್ನು ಕೊನೆಯವರೆಗೂ ಬಿಡಲಿಲ್ಲ.

ದಸರೆ ಮುಗಿದ ವಾರಕ್ಕೆ ವಾಡಿಯಲ್ಲಿ, ತವರಿನಲ್ಲಿ, ನನ್ನ ಮಗಳು ಹುಟ್ಟಿದಳು. ದುಂಡಗೆ, ಕಿರುಚಿದರೆ ಎರಡೂ ಕಡೆಯ ಗಾಡಿಯ ಶಿಳ್ಳೆ ಕೇಳದ ಹಾಗೆ ಇದ್ದಳು. ಕೂಸಿಗೆ ಮೂರು ತಿಂಗಳಾದಾಗ ಎತ್ತಿಕೊಂಡು ಚಿತ್ತಾಪುರಕ್ಕೆ ಮರಳಿದೆ. ಎಳ್ಳಮವಾಸ್ಯೆಯ ಆಸುಪಾಸು. ಗಾಡಿಯ ಕಿಟಕಿಯ ಎರಡೂ ಕಡೆ ತೊಗರಿ ಹಸಿರಾಗಿ ಕಾಯಿ ತುಂಬಿ ನಿಂತಿತ್ತು. ಮನೆ ಮುಟ್ಟಿ ಕೂಸನ್ನು ಅತ್ತೆಯ ತೊಡೆಗೆ ಹಾಕಿದೆ. ಮರುದಿನ ಹೊಲದಾಳಿಗೆ ಹೇಳಿ ಒಂದು ಬುಟ್ಟಿ ಎಳೆಯ ಕಾಯಿ ತರಿಸಿದೆ. ಉಪ್ಪು ಹಾಕಿ ಕುದಿಸಿ, ನೀರು ಬಸಿದು, ದೊಡ್ಡ ತಟ್ಟೆಯ ತುಂಬ ಸುರಿದು, ಬಿಸಿ ಹೊಗೆಯಾಡುತ್ತಿರುವಾಗಲೇ ಅತ್ತೆಯ ಮುಂದಿಟ್ಟೆ.

ಅತ್ತೆ ತಟ್ಟೆಯನ್ನು ನೋಡಿದರು. ಕೂಸನ್ನು ನನ್ನ ಕೈಗೆ ಕೊಟ್ಟು, ಲಿಂಗಕ್ಕೆ ಅರ್ಪಿಸಿ, ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು. ಆಮೇಲೆ ಯಾರ ಮುಖವನ್ನೂ ನೋಡದೆ ತಿನ್ನುತ್ತ ಹೋದರು. ಅದುವರೆಗೆ ನಾನು ಕಂಡದ್ದು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಒಲೆಯ ಮುಂದೆ ಕುಂತು ಉಂಡು ಏಳುವ ಅತ್ತೆಯನ್ನು. ಪಕ್ಕದಲ್ಲಿ ಕುಂತಿದ್ದ ಮಾವ ವಾಸನೆಗೆ ಸೋತು ತಟ್ಟೆಯ ಕಡೆ ಕೈ ಚಾಚಿದರು. ಅತ್ತೆ ತಟ್ಟೆಯನ್ನು ಎರಡೂ ಕೈಯಿಂದ ತಮ್ಮ ಕಡೆಗೆ ಎಳೆದುಕೊಂಡರು.

"ಇವು ನನ್ನವು" ಎಂದರು.